ನೋಡಿ ಬರೆದರೆ ತಪ್ಪೇನು?

ಬೆಳಿಗ್ಗೆ ಅಮ್ಮನನ್ನು ಕ್ಲಿನಿಕ್‌ಗೆ ಕರೆದುಕೊಂಡು ಹೋಗಿದ್ದೆ. ನಮಗಿಂತ ಮುಂಚೆ ಒಬ್ಬ ಅಜ್ಜಿ ಒಳಗಿದ್ದರು. ಬಾಗಿಲು ತೆರೆದೇ ಇತ್ತು. "ಬೇರೆ ಯಾವ ಮಾತ್ರೆ ತಗೋತೀರಾ ಅಜ್ಜಿ?" ಅಂತ ಡಾಕ್ಟರು ಕೇಳಿದ್ದೇ ತಡ, ಅಜ್ಜಿ ಪ್ಲಾಸ್ಟಿಕ್ ಕವರನ್ನೇ ಮೇಜಿನ ಮೇಲೆ ಸುರಿದರು. ಅರ್ಧಂಬರ್ಧ ಖಾಲಿಯಾದ ಸ್ಟ್ರಿಪ್‌ಗಳು. ಕೆಲವದರಲ್ಲಿ ಹೆಸರಿನ ಭಾಗವೇ ಹರಿದುಹೋಗಿತ್ತು. ಡಾಕ್ಟರು ಒಂದೊಂದನ್ನೇ ಬೆಳಕಿಗೆ ಹಿಡಿದು ಓದಿದರು. ಡ್ರಾಯರ್‌ನಿಂದ ಔಷಧಿಗಳ ದಪ್ಪ ಪುಸ್ತಕ ತೆಗೆದು, ಸಾಲಿನ ಮೇಲೆ ಬೆರಳಿಟ್ಟು ನೋಡಿದರು. "ಇವೆರಡೂ ಒಂದೇ ಔಷಧಿ ಅಜ್ಜಿ, ಕಂಪನಿ ಬೇರೆ ಅಷ್ಟೇ. ಒಂದನ್ನ ಬಿಟ್ಟುಬಿಡಿ."

ನನಗೆ ಕೈಮುಗಿಯೋಣ ಅನ್ನಿಸಿತು. ಆದರೆ ಬೆಂಚಿನಲ್ಲಿದ್ದ ಒಬ್ಬರು, "ಪುಸ್ತಕ ನೋಡ್ಕೊಂಡು ಔಷಧಿ ಬರೆಯೋರ ಹತ್ರ ಯಾಕಾದ್ರೂ ಬಂದ್ವೋ" ಅಂದರು. ಮೈ ಉರಿದುಹೋಯಿತು.

ನೋಡಿ ಬರೆದರೆ ತಪ್ಪೇನು? ನಮ್ಮಲ್ಲಿ ಒಂದೇ ಔಷಧಿ ಹತ್ತಾರು ಹೆಸರಲ್ಲಿ ಸಿಗುತ್ತದೆ. ಒಂದೇ ಮಾತ್ರೆಯಲ್ಲಿ ಎರಡು ಮೂರು ಔಷಧಿ ಬೆರೆತಿರುತ್ತವೆ. ಅಂಥ 328 ಮಿಶ್ರಣಗಳನ್ನು ಕೇಂದ್ರ ಸರ್ಕಾರ 2018ರಲ್ಲಿ ನಿಷೇಧಿಸಿತು. ಕ್ಲೋರ್‌ಫೆನಿರಮೈನ್, ಫಿನೈಲ್‌ಎಫ್ರಿನ್ ಎರಡೂ ಇರುವ ನೆಗಡಿ ಸಿರಪ್ ಇದೆಯಲ್ಲ, ಅದನ್ನು 4 ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು ಅಂತ ಲೇಬಲ್ ಮೇಲೆ ಹಾಕಿ ಎಂಬ ಸೂಚನೆ ಹೊರಬಿದ್ದಿದ್ದು 2023ರ ಡಿಸೆಂಬರ್‌ನಲ್ಲಿ. ಇಪ್ಪತ್ತು ವರ್ಷದ ಹಿಂದೆ ಓದಿ ಮುಗಿಸಿದವರಿಗೆ ಇದೆಲ್ಲ ನೋಡದೆ ಹೇಗೆ ಗೊತ್ತಾಗಬೇಕು?

ಅನುಭವ ಇದ್ದರೆ ಪುಸ್ತಕ ಬೇಡ ಅನ್ನುತ್ತಾರೆ. ನಾನು ಒಪ್ಪಲ್ಲ. ಮುಖ ನೋಡಿ ಕಾಯಿಲೆ ಹಿಡಿಯೋದಕ್ಕೆ ಅನುಭವ ಬೇಕು, ನಿಜ. ಮೊನ್ನೆ ಬಂದ ಎಚ್ಚರಿಕೆಯನ್ನು ಅನುಭವ ಹೇಳಿಕೊಡಲ್ಲ. ನೋಡದಿದ್ದರೆ ಉಳಿಯೋದು ಔಷಧಿ ಕಂಪನಿಯಿಂದ ಬರುವ ರೆಪ್ ಹೇಳಿದ್ದು. ಬ್ಯಾಗ್ ಹಿಡಿದು ಗಂಟೆಗಟ್ಟಲೆ ಕಾಯುವ ಆ ಹುಡುಗರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಅವರ ಕೆಲಸ ತಮ್ಮ ಕಂಪನಿಯ ಮಾತ್ರೆ ಮಾರೋದು. ಯಾವ ಕಂಪನಿಗೂ ಸೇರದ ನ್ಯಾಷನಲ್ ಫಾರ್ಮ್ಯುಲರಿ ಅಂತ ಒಂದು ಔಷಧಿ ಕೈಪಿಡಿ ಇದೆ, 2021ರಲ್ಲಿ ಆರನೇ ಆವೃತ್ತಿ ಬಂತು. ಅದನ್ನು ಒಂದು ಕ್ಲಿನಿಕ್ಕಿನ ಮೇಜಿನ ಮೇಲೂ ನಾನು ಕಂಡಿಲ್ಲ.

ನಮ್ಮ ಅಮ್ಮನ ವಿಷಯವನ್ನೇ ತಗೊಳ್ಳಿ. ಹೃದಯದ ವಾಲ್ವ್ ಬದಲಾಯಿಸಿದಾಗಿನಿಂದ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ತಪ್ಪಿಸೋ ಹಾಗಿಲ್ಲ. ಮೂರು ವರ್ಷದ ಹಿಂದೆ ಭೇದಿ ಅಂತ ಹೋದಾಗ ಇನ್ನೊಬ್ಬ ಡಾಕ್ಟರು ಮೆಟ್ರೋನಿಡಜೋಲ್ ಬರೆದರು. ಅದು ಸೇರಿದರೆ ವಾರ್ಫರಿನ್ ಪ್ರಭಾವ ಜಾಸ್ತಿಯಾಗುತ್ತದೆ. ಐದನೇ ದಿನ ಹಲ್ಲುಜ್ಜುವಾಗ ಒಸಡಿನಿಂದ ರಕ್ತ. ತೋಳಿನ ಮೇಲೆ ನೇರಳೆಹಣ್ಣು ಜಜ್ಜಿದ ಹಾಗೆ ಕಲೆ. ಮೂರು ದಿನ ಆಸ್ಪತ್ರೆಯಲ್ಲಿದ್ದರು.

ಆ ಡಾಕ್ಟರು ಎರಡೇ ನಿಮಿಷದಲ್ಲಿ ಚೀಟಿ ಬರೆದು ಕೊಟ್ಟಿದ್ದರು. "ಎಷ್ಟು ಚುರುಕು ನೋಡಮ್ಮ" ಅಂತ ನಾನೇ ಹೊಗಳಿದ್ದೆ. ಇವತ್ತಿಗೂ ಆ ಮಾತು ನೆನಪಾದರೆ ಹೊಟ್ಟೆ ಕಿವುಚುತ್ತದೆ.

ನಮ್ಮ ಸರದಿ ಬಂತು. ಅಮ್ಮನ ಮಾತ್ರೆಗಳ ಪಟ್ಟಿ ಮೇಜಿನ ಮೇಲಿಟ್ಟೆ. ಡಾಕ್ಟರು ಮತ್ತೆ ಪುಸ್ತಕಕ್ಕೆ ಕೈ ಹಾಕಿದರು. "ನಿಧಾನವಾಗಿ ನೋಡಿ ಸಾರ್, ನಮಗೇನೂ ಅವಸರ ಇಲ್ಲ" ಅಂದೆ. ಹೊರಗಿನ ಬೆಂಚಿಗೆ ಕೇಳುವಷ್ಟು ಜೋರಾಗಿಯೇ ಅಂದೆ.