ಹಸುವಿಗೆ ಸೂಜಿ, ಮಗನಿಗೆ ಓಟಿಪಿ

ಬಂಗಾರಪೇಟೆ ಹತ್ತಿರದ ನಮ್ಮೂರಲ್ಲಿ ಮೊನ್ನೆ ಕಾಲುಬಾಯಿ ಜ್ವರದ ಲಸಿಕೆ. ಡೇರಿಗೆ ಹಾಲು ಹಾಕುವ ಹೊತ್ತಿಗೇ ಡಾಕ್ಟರು ಐಸ್ ಡಬ್ಬಿ ಹಿಡಿದು ಬಂದಿದ್ದರು. ಲಸಿಕೆ 2ರಿಂದ 8 ಡಿಗ್ರಿ ಒಳಗೇ ಇರಬೇಕು. ಡಾಕ್ಟರು ಎಷ್ಟು ಡಿಗ್ರಿಯಲ್ಲಿ ಇರಬೇಕು ಅಂತ ಯಾರೂ ಬರೆದಿಲ್ಲ.

ದೊಡ್ಡಮ್ಮನ ಸೀಮೆ ಹಸು ಗೂಟದಲ್ಲಿ ಸುಮ್ನೆ ನಿಂತಿತ್ತು. ಸೂಜಿಗೆ ಅರ್ಧ ನಿಮಿಷ ಸಾಕು. ಆದರೆ ಹಸು ರೆಡಿ ಇದ್ದರೆ ಆಯಿತಾ? ಅದರ ಕಿವಿಯಲ್ಲಿ ಹಳದಿ ಓಲೆ ಇದೆ. ಓಲೆಯಲ್ಲಿ 12 ಅಂಕಿ, ನಮ್ಮ ಆಧಾರ್‌ನಷ್ಟೇ. ಸೂಜಿ ಹಾಕಿದ ಲೆಕ್ಕ ಬರೆಯೋಕೆ ಅದನ್ನು ಸರ್ಕಾರದ ಆ್ಯಪ್‌ಗೆ ಹಾಕಿದರೆ ಮಾಲೀಕರ ಮೊಬೈಲಿಗೆ ಓಟಿಪಿ ಹೋಗುತ್ತದೆ.

ದೊಡ್ಡಮ್ಮ ಕೊಟ್ಟಿದ್ದ ನಂಬರ್ ಮಗನದು. ಮಗ ಬೆಂಗಳೂರು ರೈಲಿನಲ್ಲಿ ಒಂಟಿ ಕಾಲಲ್ಲಿ ನಿಂತಿದ್ದ. ಬೆಳಿಗ್ಗೆ ಬಂಗಾರಪೇಟೆಯಲ್ಲಿ ರೈಲು ಹತ್ತಿದವರಿಗೆ ಗೊತ್ತು, ಅಲ್ಲಿ ಜೇಬಿಗೆ ಕೈ ಹಾಕೋದೇ ಕಷ್ಟ. ಹಾಕಿದರೂ ಅದು ನಿಮ್ಮದೇ ಜೇಬು ಅನ್ನೋ ಗ್ಯಾರಂಟಿ ಇಲ್ಲ.

ಅಂತೂ ವೈಟ್‌ಫೀಲ್ಡ್ ದಾಟಿದ ಮೇಲೆ ಅವನೇ ಫೋನ್ ಮಾಡಿದ. "ಅಮ್ಮಾ, ಯಾರೋ ಓಟಿಪಿ ಕೇಳ್ತಾರೆ, ಕೊಡಬೇಡ! ಬ್ಯಾಂಕಿನವರು ಹೇಳಿದ್ದಾರೆ." ದೊಡ್ಡಮ್ಮ ಡಾಕ್ಟರನ್ನು ಮೇಲಿಂದ ಕೆಳಗೆ ನೋಡಿದರು. ಈ ಹಸುವಿನ ತಾಯಿಗೂ ಸೂಜಿ ಹಾಕಿದ್ದ ಮನುಷ್ಯ ನಿಂತಲ್ಲೇ ಕಳ್ಳನಾಗಿಬಿಟ್ಟ.

ಪಕ್ಕದ ಮನೆಯವರದು ಬೇರೆ ಕಥೆ. ಅವರ ಹಸು ನೀಲಗಿರಿ ಮರಕ್ಕೆ ಕಿವಿ ಉಜ್ಜಿ ಓಲೆ ಕಳೆದುಕೊಂಡಿದೆ. ದಿನಾ ಎರಡು ಹೊತ್ತು ಡೇರಿಗೆ ಹಾಲು ಹೋಗುತ್ತಿದೆ, ದಾಖಲೆಯಲ್ಲಿ ಹಸು ಮಾತ್ರ ಇಲ್ಲ. ನಾಳೆ ಸತ್ತರೂ ಓಲೆ ತೋರಿಸದೆ ವಿಮೆ ಹಣ ಬರಲ್ಲ. ಬದುಕಿರೋದಕ್ಕೇ ರುಜುವಾತು ಇಲ್ಲ ಅಂದ ಮೇಲೆ ಅದು ಸಾಯೋದಾದರೂ ಹೇಗೆ, ಅಲ್ವಾ?

2019ರಲ್ಲಿ ಶುರುವಾದ ಕೇಂದ್ರದ ಕಾರ್ಯಕ್ರಮ ಇದು. 2030ರ ಹೊತ್ತಿಗೆ ದೇಶದಿಂದಲೇ ಕಾಲುಬಾಯಿ ಜ್ವರ ಓಡಿಸಬೇಕಂತೆ. ಒಳ್ಳೇದೇ. ಆರು ತಿಂಗಳಿಗೊಮ್ಮೆ ಸೂಜಿ, ಅದೂ ಬಿಟ್ಟಿ, ಅದೂ ಮನೆ ಬಾಗಿಲಲ್ಲಿ. ವೈರಸ್ಸಿಗೆ ಇರೋದು ಒಂದೇ ಅನುಕೂಲ. ಅದು ಕೊಟ್ಟಿಗೆಗೆ ನುಗ್ಗೋಕೆ ಮಗನ ನಂಬರ್ ಕೇಳಲ್ಲ.

ಅಷ್ಟರಲ್ಲಿ ಕೆಳಗಿನ ಬೀದಿಯಿಂದ ಕೂಗು. ಹಸು ಈಯೋಕೆ ಒದ್ದಾಡುತ್ತಿದೆ, ಕರು ಅಡ್ಡ ಸಿಕ್ಕಿಕೊಂಡಿದೆ. ಡಾಕ್ಟರು ಓಡಿದರು. ಅಂಗಿ ಬಿಚ್ಚಿ, ಭುಜದವರೆಗೆ ಕೈ ಒಳಗಿಟ್ಟು ಕರುವಿನ ಕಾಲು ಹುಡುಕುತ್ತಿದ್ದಾಗಲೇ ಆಫೀಸಿನಿಂದ ಫೋನು. ನಾನೇ ಅವರ ಕಿವಿಗೆ ಹಿಡಿದೆ.

"ಏನ್ರೀ, ಗಂಟೆ ಒಂಬತ್ತಾಯ್ತು, ನಿಮ್ಮ ಎಂಟ್ರಿ ಇನ್ನೂ ಸೊನ್ನೆ! ಕೈ ಕಟ್ಟಿಕೊಂಡು ಕೂತಿದ್ದೀರಾ?"

ಕೈ ಎಲ್ಲಿದೆ ಅಂತ ವಿವರಿಸೋ ಸ್ಥಿತಿಯಲ್ಲಿ ಅವರಿರಲಿಲ್ಲ.

ಅರ್ಧ ಗಂಟೆಗೆ ಕರು ಹೊರಗೆ ಬಂತು. ಹೆಣ್ಣು ಕರು. ಮನೆಯವರು ಬಿಸಿನೀರು, ಸೋಪು ತಂದುಕೊಟ್ಟರು. ಡಾಕ್ಟರು ಕೈ ಒರೆಸಿಕೊಂಡು ಮೊಬೈಲ್ ನೋಡಿದರು. ದೊಡ್ಡಮ್ಮನ ಮಗ ಕೊನೆಗೂ ಓಟಿಪಿ ಕಳಿಸಿದ್ದ. ಅದರ ಟೈಮ್ ಮುಗಿದಿತ್ತು.