ಅರವತ್ನಾಲ್ಕು ಕೆಬಿ ಮಡಿ

ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಒಂದು ಫ್ಲೆಕ್ಸ್ ಇದೆ ಎಂದುಕೊಳ್ಳಿ. ಎಂದುಕೊಳ್ಳುವ ಶ್ರಮವೂ ಬೇಡ, ಟೌನ್‌ಹಾಲ್ ಸರ್ಕಲ್ಲಿನಲ್ಲಿ ನಿಂತು ತಲೆ ಎತ್ತಿದರೆ ಅಂಥವು ನಾಲ್ಕಾರು ಕಾಣುತ್ತವೆ. ಪ್ಲಾಸ್ಟಿಕ್ ಫ್ಲೆಕ್ಸ್ ರಾಜ್ಯದಲ್ಲಿ 2016ರಲ್ಲೇ ನಿಷೇಧವಾಗಿದೆ, ಆದ್ದರಿಂದ ಕಂಡದ್ದನ್ನು ಕಂಡಿಲ್ಲ ಎಂದುಕೊಳ್ಳುವುದೇ ಶಿಷ್ಟಾಚಾರ. ನಮ್ಮ ಫ್ಲೆಕ್ಸಿನ ಮೇಲೆ ಹೀಗಿದೆ: ‘ಡಿಜಿಟಲ್ ಕಲಾ ಸ್ಪರ್ಧೆ. ಕೃತಿ ಸಂಪೂರ್ಣ ಸ್ವಂತದ್ದಾಗಿರತಕ್ಕದ್ದು. ನಕಲು ಕಂಡುಬಂದಲ್ಲಿ ಅನರ್ಹಗೊಳಿಸಲಾಗುವುದು.’ ಈ ಎಚ್ಚರಿಕೆಯ ಹಿಂದೆ ಹಿಮ ಮುಚ್ಚಿದ ಬೆಟ್ಟ. ಅದು ದೇವರಾಯನದುರ್ಗವಂತೂ ಅಲ್ಲ. ಬೆಟ್ಟದ ಮುಂದೆ ರೆಕ್ಕೆ ಬಿಚ್ಚಿದ ಹದ್ದು, ಹದ್ದಿನ ಎದೆಯ ಮೇಲೆ ಚಿತ್ರ ಮಾರುವ ಅಂಗಡಿಯ ವಾಟರ್‌ಮಾರ್ಕ್, ಜನಿವಾರದ ಹಾಗೆ ಅಡ್ಡಡ್ಡ.

ಕಾಸು ಕೊಡುವ ಮುಂಚೆ ನೋಡಲಿ ಎಂದು ಅಂಗಡಿಯವರು ಇಟ್ಟ ಮಾದರಿ ಚಿತ್ರ ಅದು. ಅಗಲ ಸುಮಾರು 600 ಪಿಕ್ಸೆಲ್. ಅದನ್ನು ಎಂಟು ಅಡಿಗೆ, ಅಂದರೆ 96 ಅಂಗುಲಕ್ಕೆ ಎಳೆದರೆ ಅಂಗುಲಕ್ಕೆ ಆರೂಕಾಲು ಪಿಕ್ಸೆಲ್ ಬೀಳುತ್ತದೆ. ಒಂದೊಂದು ಪಿಕ್ಸೆಲ್ ನಾಲ್ಕು ಮಿಲಿಮೀಟರ್, ಒಂದು ಹೆಸರುಕಾಳಿನಷ್ಟು. ಬಸ್ಸಿನಲ್ಲಿ ಹೋಗುವವರಿಗೆ ಹದ್ದು, ನಡೆದು ಹೋಗುವವರಿಗೆ ಕೋಸಂಬರಿ.

ಸ್ಪರ್ಧೆಯಲ್ಲಿ ಡೆಮೊಸೀನ್ ವಿಭಾಗವೂ ಉಂಟು. ಚಿತ್ರ, ಸಂಗೀತ, ಚಲನೆ ಎಲ್ಲವನ್ನೂ ಒಂದೇ ಪ್ರೋಗ್ರಾಂ ತಾನು ಓಡುತ್ತಲೇ ಹುಟ್ಟಿಸಬೇಕು. ಇಂಥ ಪ್ರೋಗ್ರಾಂಗೆ ‘ಡೆಮೊ’ ಎಂದು ಹೆಸರು, ಗಾತ್ರಕ್ಕೆ ಮಿತಿಯಿಟ್ಟ ಪುಟ್ಟದಾದರೆ ‘ಇಂಟ್ರೊ’. ‘64ಕೆ ಇಂಟ್ರೊ’ ಆದರೆ ಕಡತ 65,536 ಬೈಟ್ ದಾಟಬಾರದು, ‘4ಕೆ’ ಆದರೆ 4,096. ವಾಟ್ಸಾಪಿನಲ್ಲಿ ಬೆಳಗ್ಗೆ ಬರುವ ಶುಭೋದಯದ ಗುಲಾಬಿಯೇ ಎಷ್ಟೋ ಸಲ ಇದಕ್ಕಿಂತ ದಪ್ಪ. ಹೋಲಿಕೆಗೆ ನಮ್ಮ ಫ್ಲೆಕ್ಸನ್ನೇ ತೆಗೆದುಕೊಳ್ಳಿ: 20 ಅಡಿ ಅಗಲ, 10 ಅಡಿ ಎತ್ತರ, ಅಂಗುಲಕ್ಕೆ 72 ಪಿಕ್ಸೆಲ್, ನಾಲ್ಕು ಶಾಯಿ. ಕುಗ್ಗಿಸದ ಕಡತ 59 ಕೋಟಿ 71 ಲಕ್ಷ 96 ಸಾವಿರದ 800 ಬೈಟ್ ಆಗುತ್ತದೆ. ಅದರಲ್ಲಿ 64ಕೆ ಇಂಟ್ರೊಗಳು 9,112 ಹಿಡಿಸುತ್ತವೆ, ಇನ್ನರ್ಧಕ್ಕೂ ಜಾಗ ಉಳಿಯುತ್ತದೆ. ಅಷ್ಟು ಜಾಗದಲ್ಲಿ ಸ್ವಂತದ್ದು ಅಂತ ಇರುವುದು ಅಧ್ಯಕ್ಷರ ಮುಖ ಮಾತ್ರ. ಕೋಟು ಬೇರೆ ಯಾರದೋ.

ಈ ಕಲೆಗೆ ಹೊರದೇಶದಲ್ಲಿ ದೊಡ್ಡ ಮರ್ಯಾದೆ. ಫಿನ್ಲೆಂಡ್ 2020ರಲ್ಲಿ, ಜರ್ಮನಿ 2021ರಲ್ಲಿ ಡೆಮೊಸೀನನ್ನು ತಮ್ಮ ಜೀವಂತ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡವು. ಮರ್ಯಾದೆ ಬಂದ ಮೇಲೆ ಮಡಿ ಬರಲೇಬೇಕಲ್ಲ. ಹೊರಗಿನಿಂದ ತಂದ ಫೋಟೋ, ಆಕೃತಿಗಳ ಮೈಗೆ ಹೊದಿಸಲು ಕೊಂಡ ಟೆಕ್ಸ್ಚರ್, ಯಾರೋ ಮಾಡಿಟ್ಟ 3ಡಿ ಮಾಡೆಲ್ ಮೈಲಿಗೆ. ಗಣಿತದಿಂದ ಹುಟ್ಟಿದ ಮೋಡ, ಬೆಟ್ಟ, ನೀರು ಮಡಿ. ಪಂಕ್ತಿಯಲ್ಲಿ ಕೂತ ಯಾರದ್ದಾದರೂ ಇಂಟ್ರೊದಲ್ಲಿ ಕೊಂಡ ಮರ ಕಂಡರೆ ಪಕ್ಕದವನು ಎಲೆ ಎತ್ತಿಕೊಂಡು ಎದ್ದು ಹೋಗುತ್ತಾನೆ.

ಎದ್ದು ಹೋಗುವವನು ತನ್ನ ವಂಶವೃಕ್ಷವನ್ನು ಓದಿರುವುದಿಲ್ಲ. ಡೆಮೊಸೀನ್ ಹುಟ್ಟಿದ್ದು 1980ರ ದಶಕದಲ್ಲಿ, ಕಮೊಡೋರ್ 64ರಂಥ ಮನೆ ಕಂಪ್ಯೂಟರುಗಳ ಕದ್ದ ಆಟಗಳ ಬಾಗಿಲಲ್ಲಿ. ಆಟದ ಬೀಗ ಒಡೆದವರು ‘ಒಡೆದದ್ದು ನಾವೇ’ ಎಂದು ಸಾರಲು ಆಟದ ಮುಂಚೆ ಒಂದು ಚಂದದ ಪರದೆ ಹಾಕುತ್ತಿದ್ದರು. ಆ ಪರದೆಯೇ ಬೆಳೆದು ಕಲೆಯಾಯಿತು. ಕಳ್ಳ ತನ್ನ ವಿಸಿಟಿಂಗ್ ಕಾರ್ಡು ಬಿಟ್ಟು ಹೋದ, ಮೊಮ್ಮಗ ಅದಕ್ಕೆ ಫ್ರೇಮು ಹಾಕಿಸಿ ‘ಇದನ್ನು ಯಾರೂ ಕದಿಯಬಾರದು’ ಎಂದು ಬೋರ್ಡು ಬರೆಸಿದ.

ಸಂಗೀತದ ಕಡೆಗೆ ಬನ್ನಿ. 1987ರಲ್ಲಿ ಅಮಿಗಾ ಕಂಪ್ಯೂಟರಿಗೆ ಅಲ್ಟಿಮೇಟ್ ಸೌಂಡ್‌ಟ್ರ್ಯಾಕರ್ ಎಂಬ ಸಂಗೀತ ಹೆಣೆಯುವ ತಂತ್ರಾಂಶ ಬಂದಾಗ ಜತೆಗೆ ಎಸ್‌ಟಿ-01 ಎಂಬ ಸ್ವರಗಳ ಫ್ಲಾಪಿ ಬಂತು. ಅದೇ ಡ್ರಮ್ಮು, ಅದೇ ತಂತಿ, ಅದೇ ಬೇಸು ಎಷ್ಟು ಹಾಡುಗಳಲ್ಲಿ ಕುಣಿದವೋ ಲೆಕ್ಕವಿಲ್ಲ. ಅದಕ್ಕೆ ಈಗ ‘ಆ ಕಾಲದ ಸೊಗಡು’ ಎನ್ನುತ್ತಾರೆ. ಸ್ಟಾಕ್ ಸಾಮಗ್ರಿಗೆ, ಅಂದರೆ ಸಿದ್ಧವಾಗಿ ಸಿಗುವ ಮಾಲಿಗೆ, ಮೂವತ್ತು ವರ್ಷವಾದರೆ ಸೊಗಡು, ಮೂರು ದಿನವಾಗಿದ್ದರೆ ಕಳ್ಳತನ. ಇನ್ನು 4ಕೆ ಮಾಡುವ ಕಡುವ್ರತಸ್ಥರು. ಅವರಲ್ಲಿ ಕೆಲವರ ಪಿಯಾನೊ ಎಲ್ಲಿಂದ ಬರುತ್ತದೆ? ವಿಂಡೋಸಿನ ಸಿಸ್ಟಂ32 ಫೋಲ್ಡರಿನಲ್ಲಿ ಡ್ರೈವರ್ಸ್ ಒಳಗೆ ಜಿಎಂ ಡಾಟ್ ಡಿಎಲ್‌ಎಸ್ ಎಂಬ ಕಡತವಿದೆ. ರೋಲ್ಯಾಂಡ್ ಕಂಪನಿಯ ವಾದ್ಯಸ್ವರಗಳು, ಸುಮಾರು 3.4 ಎಂಬಿ. ಇಂಟ್ರೊಗಿಂತ ಎಂಟುನೂರು ಪಟ್ಟು ದೊಡ್ಡದು, ಆದರೆ ಕೇಳುಗನ ಮನೆಯಲ್ಲೇ ಇರುವುದರಿಂದ ತೂಕಕ್ಕೆ ಬರುವುದಿಲ್ಲ. ಉಪವಾಸ ನಾನು ಮಾಡುತ್ತೇನೆ, ಫಲಾಹಾರ ನಿಮ್ಮ ಮನೆಯಲ್ಲಿ ಎಂಬ ಲೆಕ್ಕ.

ಹೋಗಲಿ, ಗಣಿತವಾದರೂ ಸ್ವಂತದ್ದೇ? ಶೇಡರ್, ಅಂದರೆ ಗ್ರಾಫಿಕ್ಸ್ ಚಿಪ್ಪಿನಲ್ಲಿ ಓಡುವ ಪುಟ್ಟ ಪ್ರೋಗ್ರಾಂ ಬರೆಯುವ ಯಾರನ್ನೇ ನಿದ್ದೆಯಿಂದ ಎಬ್ಬಿಸಿ ಕೇಳಿ, ಮೂರು ಸಂಖ್ಯೆ ಹೇಳುತ್ತಾರೆ: 12.9898, 78.233, 43758.5453. ಬಿಂದುವಿನ ಎರಡು ನಿರ್ದೇಶಾಂಕಗಳನ್ನು ಮೊದಲೆರಡರಿಂದ ಗುಣಿಸಿ ಕೂಡಿ, ಸೈನ್ ತೆಗೆದು, ಮೂರನೆಯದರಿಂದ ಗುಣಿಸಿ, ದಶಮಾಂಶದ ಭಾಗವನ್ನು ಮಾತ್ರ ಇಟ್ಟುಕೊಂಡರೆ ಗೊತ್ತುಗುರಿಯಿಲ್ಲದ ಚುಕ್ಕೆಗಳು ಸಿಗುತ್ತವೆ. ಮಡಿಯ ಮೋಡಗಳೆಲ್ಲ ಈ ಹಿಟ್ಟಿನಿಂದಲೇ ಬೇಯುವುದು. ಈ ಸಂಖ್ಯೆಗಳೇ ಏಕೆ ಎಂದು ಕೇಳಿದರೆ ‘ಹಿಂದಿನವರು ಹಾಗೆ ಮಾಡುತ್ತಿದ್ದರು’ ಎಂಬ ಉತ್ತರ. ನಕಲು ಮಾಡಿದವರಿಗೆ ಅದರ ದೋಷವೂ ಗೊತ್ತಿರುವುದಿಲ್ಲ: ಕಡಿಮೆ ನಿಖರತೆಯ ಮೊಬೈಲ್ ಗ್ರಾಫಿಕ್ಸ್ ಚಿಪ್ಪಿನಲ್ಲಿ ಅಷ್ಟು ದೊಡ್ಡ ಗುಣಾಕಾರದ ಬಾಲ ಕತ್ತರಿಸಿಹೋಗುತ್ತದೆ. ಮೋಡದ ಬದಲು ಲುಂಗಿಯ ಪಟ್ಟೆ ಬರುತ್ತದೆ.

ಎಲ್ಲಕ್ಕಿಂತ ಮಜಾ ಕನ್ನಡ ಅಕ್ಷರದ್ದು. ಇಂಟ್ರೊದ ಕೊನೆಯಲ್ಲಿ ದೊಡ್ಡದಾಗಿ ‘ಸ್ವಂತ’ ಎಂದು ತೋರಿಸಬೇಕು ಎನ್ನಿ. ಯುನಿಕೋಡಿನಲ್ಲಿ ಅದು ಐದು ಸಂಕೇತ: ಸ, ಅರ್ಧಾಕ್ಷರ ಮಾಡುವ ವಿರಾಮ ಚಿಹ್ನೆ, ವ, ಸೊನ್ನೆ, ತ. ಇಂಗ್ಲಿಷ್ ಅಭ್ಯಾಸದಲ್ಲಿ ಒಂದೊಂದನ್ನೇ ಬಿಡಿಸುತ್ತಾ ಹೋದರೆ ಒತ್ತಕ್ಷರ ಕೂಡದೆ ‘ಸ್‌ವಂತ’ ಆಗುತ್ತದೆ. ಕೂಡಿಸುವ ವಿದ್ಯೆಯನ್ನು ನಾವೇ ಬರೆಯಲು ಹೋದರೆ 4 ಕೆಬಿ ಅಲ್ಲೇ ಮುಗಿಯುತ್ತದೆ. ಆದ್ದರಿಂದ ವಿಂಡೋಸಿನಲ್ಲೇ ಇರುವ ನಿರ್ಮಲಾ ಫಾಂಟನ್ನು (ಹಳೆಯ ವಿಂಡೋಸಾದರೆ ತುಂಗಾ) ಕರೆದು, ವಿಂಡೋಸಿನ ಪಠ್ಯಯಂತ್ರದಿಂದಲೇ ಪದವನ್ನು ಒಮ್ಮೆ ಬಿಟ್‌ಮ್ಯಾಪಿಗೆ ಬರೆಸಿ, ಅದನ್ನು ಟೆಕ್ಸ್ಚರ್ ಮಾಡಿಕೊಳ್ಳುವುದು ರೂಢಿಯ ದಾರಿ. ಅಂದರೆ ‘ಸ್ವಂತ’ ಎಂದು ತಪ್ಪಿಲ್ಲದೆ ಬರೆಯಲು ಮೈಕ್ರೋಸಾಫ್ಟಿನವರ ಅಕ್ಷರ, ಮೈಕ್ರೋಸಾಫ್ಟಿನವರ ಕೈ. ಬೇಡವೆಂದರೆ ನೋಟೊ ಸಾನ್ಸ್ ಕನ್ನಡದಂಥ ಮುಕ್ತ ಫಾಂಟಿದೆ. ಬೇಕಾದ ಅಕ್ಷರ ಮತ್ತು ಒತ್ತುಗಳನ್ನು ಮಾತ್ರ ಉಳಿಸಿ ಉಳಿದದ್ದನ್ನು ಕತ್ತರಿಸಿದರೆ ಕೆಲವೇ ಕೆಬಿಗೆ ಇಳಿಯುತ್ತದೆ. ಆದರೆ ಜತೆಗೆ ಪರವಾನಗಿಯ ಪಠ್ಯವನ್ನೂ ಕೊಡಬೇಕು, ಆ ಪಠ್ಯವೇ 4 ಕೆಬಿ ದಾಟುತ್ತದೆ. ಮೂಗಿಗಿಂತ ಮೂಗುತಿ ಭಾರ. ಅದನ್ನು ಪಕ್ಕದಲ್ಲಿ ಬೇರೆ ಕಡತವಾಗಿ ಇಡಲು ಅವಕಾಶವಿದೆ, ಇಟ್ಟರೆ ಎರಡೂ ಕಡೆ ಕ್ಷೇಮ.

ಈಗ ಚಿತ್ರ ವಿಭಾಗ. ಇಲ್ಲಿ ಮೈಲಿಗೆ ಕಳೆಯಲು ಪಂಚಗವ್ಯ ಸಿದ್ಧವಿದೆ: ತಿರುಗಿಸು, ಕತ್ತರಿಸು, ಬಣ್ಣ ಹೊರಳಿಸು, ಬಣ್ಣಗಳ ಸಂಖ್ಯೆ ಇಳಿಸು, ಚುಕ್ಕೆ ಉದುರಿಸು. ಸ್ಟಾಕ್ ಚಿತ್ರಕ್ಕೆ ಈ ಐದನ್ನೂ ಕುಡಿಸಿದರೆ ಸ್ವಂತದ್ದಾಗುತ್ತದೆಂಬ ನಂಬಿಕೆ. ಎಡಬಲ ತಿರುಗಿಸಿದ ಕೂಡಲೇ ತಾಯಿ ಭುವನೇಶ್ವರಿ ಎಡಗೈಯಲ್ಲಿ ಅಭಯ ಕೊಡತೊಡಗುತ್ತಾಳೆ, ಸೆರಗು ಬಲಭುಜಕ್ಕೆ ಬೀಳುತ್ತದೆ. ತಿರುಗಿಸಿದರೆ ಚಿತ್ರ ಹುಡುಕುವ ಯಂತ್ರಕ್ಕೆ ಸಿಗುವುದಿಲ್ಲ ಎಂದು ಹೇಳಿಕೊಟ್ಟವರು, ಹುಡುಕುವವನೂ ತಿರುಗಿಸಿ ಹಾಕಬಲ್ಲ ಎಂಬುದನ್ನು ಹೇಳಿರುವುದಿಲ್ಲ. ಎರಡು ಚಿತ್ರ ಕತ್ತರಿಸಿ ಕೂಡಿಸಿದಲ್ಲಿ ಬೆಟ್ಟದ ನೆರಳು ಪೂರ್ವಕ್ಕೆ, ಹದ್ದಿನ ನೆರಳು ಪಶ್ಚಿಮಕ್ಕೆ.

ನಾಲ್ಕು ಮತ್ತು ಐದನೆಯ ಗವ್ಯದಲ್ಲೇ ಹೆಚ್ಚು ಜನ ಸಿಕ್ಕಿಬೀಳುವುದು. ಕಮೊಡೋರ್ 64ಕ್ಕೆ ಚಿತ್ರ ಮಾಡಬೇಕು ಎನ್ನಿ. ಅದರ ಪರದೆ 320×200 ಪಿಕ್ಸೆಲ್. ಇರುವುದು ಹದಿನಾರೇ ಬಣ್ಣ, ಅದರಲ್ಲೂ 8×8ರ ಒಂದೊಂದು ಚೌಕದಲ್ಲಿ ಎರಡೇ ಬಣ್ಣಕ್ಕೆ ಅಪ್ಪಣೆ. ಕೈಯಲ್ಲಿ ಬಿಡಿಸುವವರು ಮೊದಲೇ ಚೌಕ ಎಳೆದುಕೊಂಡು, ಕೆನ್ನೆಯ ಅಂಚು ಚೌಕದ ಗೆರೆಯ ಮೇಲೇ ಬೀಳುವಂತೆ ಮುಖವನ್ನು ಒಂದೆರಡು ಪಿಕ್ಸೆಲ್ ಸರಿಸುತ್ತಾರೆ. ಪರಿವರ್ತಕ ತಂತ್ರಾಂಶಕ್ಕೆ ಕೆನ್ನೆ ಯಾವುದು, ಗೋಡೆ ಯಾವುದು ಗೊತ್ತಿಲ್ಲ. ಕಿವಿಯ ಪಕ್ಕದ ಚೌಕದಲ್ಲಿ ಚರ್ಮ, ಕೂದಲು, ಆಕಾಶ ಮೂರೂ ಸೇರಿದರೆ ಒಂದನ್ನು ಬಲಿ ಕೊಡುತ್ತದೆ, ಕಿವಿಗೆ ಇಟ್ಟಿಗೆ ಅಂಟಿಸಿದಂತೆ ಕಾಣುತ್ತದೆ. ಚುಕ್ಕೆಗಳೂ ಹಾಗೆಯೇ. ಕೈಕೆಲಸದಲ್ಲಿ ಅವು ಕೆನ್ನೆಯ ಉಬ್ಬನ್ನು ಹಿಂಬಾಲಿಸುತ್ತವೆ, ಬೇಡವಾದಲ್ಲಿ ನಿಲ್ಲುತ್ತವೆ. ತಂತ್ರಾಂಶದ ಚುಕ್ಕೆ ಖಾಲಿ ಆಕಾಶದಲ್ಲೂ ರವೆ ಚೆಲ್ಲಿದಂತೆ ಸಮನಾಗಿ ಹರಡಿರುತ್ತದೆ. ನಾಲ್ಕು ಪಟ್ಟು ಹಿಗ್ಗಿಸಿ ನೋಡಿದರೆ ಸಾಕು, ಬೇರೆ ಸಾಕ್ಷಿ ಬೇಡ.

ಈ ಜಗಳ ಹಳೆಯದು. 1990ರ ದಶಕದಲ್ಲಿ ಅಮಿಗಾ ಕಲಾವಿದರು ಫ್ಯಾಂಟಸಿ ಚಿತ್ರಕಾರ ಬೋರಿಸ್ ವಲ್ಲೆಜೊ ಅವರ ವೀರರನ್ನೂ ಡ್ರ್ಯಾಗನ್‌ಗಳನ್ನೂ ಪಕ್ಕದಲ್ಲಿಟ್ಟುಕೊಂಡು, ಮೌಸಿನಲ್ಲಿ ಪಿಕ್ಸೆಲ್ ಮೇಲೆ ಪಿಕ್ಸೆಲ್ ಇಟ್ಟು ವಾರಗಟ್ಟಲೆ ನಕಲು ಮಾಡುತ್ತಿದ್ದರು. ಅದು ನಕಲೇ, ಆದರೆ ಬೆವರಿತ್ತು. ಸ್ಕ್ಯಾನರು ಮನೆಗೆ ಬಂದ ಮೇಲೆ ಬೆವರು ಹೋಗಿ ನಕಲು ಉಳಿಯಿತು. ಅದಕ್ಕೇ ಹಲವು ಸ್ಪರ್ಧೆಗಳು ಚಿತ್ರದ ಜತೆ ಅದು ಬೆಳೆದ ಹಂತಗಳನ್ನೂ ಕೇಳತೊಡಗಿದವು.

ನಮ್ಮವರು ಹಂತಗಳನ್ನೂ ಪೂರೈಸಬಲ್ಲರು. ಮುಗಿದ ಚಿತ್ರದಿಂದ ಹಿಂದಕ್ಕೆ ನಡೆಯುವುದು: ಬಣ್ಣ ತೆಗೆದರೆ ಏಳನೆಯ ಹಂತ, ನೆರಳು ಅಳಿಸಿದರೆ ನಾಲ್ಕನೆಯದು, ಅಂಚು ಹುಡುಕುವ ಫಿಲ್ಟರ್ ಹಾಕಿದರೆ ಪೆನ್ಸಿಲ್ ಕರಡು. ಗುಟ್ಟು ರಟ್ಟಾಗುವುದು ಆ ಕರಡಿನಲ್ಲೇ. ನಿಜವಾದ ಕರಡಿನಲ್ಲಿ ಮೂಗು ಮೂರು ಸಲ ಜಾಗ ಬದಲಿಸಿರುತ್ತದೆ, ಒಂದು ಕಣ್ಣು ಹಣೆಗೆ ಹೋಗಿ ಬಂದಿರುತ್ತದೆ. ಇವರದರಲ್ಲಿ ಮೊದಲ ಗೆರೆಯಿಂದಲೇ ಮೂಗು ಕೊನೆಯ ಜಾಗದಲ್ಲಿ ಕೂತಿರುತ್ತದೆ, ಮದುವೆಗೆ ಮುಂಚೆಯೇ ನಾಮಕರಣವಾದಂತೆ. ಎಂಟು ಹಂತಗಳನ್ನು ಒಂದರ ಮೇಲೊಂದು ಪದರವಾಗಿ ಇಟ್ಟರೆ ಕೂದಲೆಳೆಯೂ ಕದಲುವುದಿಲ್ಲ. ಕಡತಗಳ ಸಮಯ ನೋಡಿದರೆ ಎಂಟೂ ಹುಟ್ಟಿದ್ದು ರಾತ್ರಿ 11:42ರಿಂದ 11:46ರ ಒಳಗೆ.

ತೀರ್ಪುಗಾರರು ಅಂಚು ಹಿಗ್ಗಿಸಿ ನೋಡುತ್ತಾರೆ, ಪರವಾನಗಿಯನ್ನು ಮಾತ್ರ ಯಾರೂ ಬಿಚ್ಚುವುದಿಲ್ಲ. ‘ಗೂಗಲ್‌ನಲ್ಲಿ ಸಿಕ್ಕಿತು’ ಎಂಬುದು ನಮ್ಮಲ್ಲಿ ಅಂಗೀಕೃತ ಪರವಾನಗಿ. ಕ್ರಿಯೇಟಿವ್ ಕಾಮನ್ಸ್ ಎಂಬ ಸಿದ್ಧ ಪರವಾನಗಿಗಳಿವೆ. ಅದರಲ್ಲಿ ಸಿಸಿ0 ಎಂದಿದ್ದರೆ ಹೇಗಾದರೂ ಬಳಸಿ. ಬಿವೈ ಎಂದಿದ್ದರೆ ಹೆಸರು ಹಾಕಲೇಬೇಕು. ಎನ್‌ಸಿ ಎಂದಿದ್ದರೆ ವ್ಯಾಪಾರಕ್ಕಿಲ್ಲ, ನಗದು ಬಹುಮಾನದ ಸ್ಪರ್ಧೆಯಲ್ಲಿ ಅಲ್ಲಿಂದಲೇ ಜಗಳ ಶುರು. ಎಸ್‌ಎ ಎಂದಿದ್ದರೆ ಅದರಿಂದ ಮಾಡಿದ್ದನ್ನೂ ಅದೇ ಷರತ್ತಿನಲ್ಲೇ ಹಂಚಬೇಕು. ಶೇಡರ್‌ಗಳನ್ನು ಹಂಚಿಕೊಳ್ಳುವ ಶೇಡರ್‌ಟಾಯ್ ಜಾಲತಾಣದಲ್ಲಿ ಬರೆದವರು ಬೇರೆ ಹೇಳದಿದ್ದರೆ ಎತ್ತಿಕೊಂಡ ಸಂಕೇತಕ್ಕೆ ಬಿವೈ-ಎನ್‌ಸಿ-ಎಸ್‌ಎ ಮೂರೂ ಅಂಟಿರುತ್ತವೆ. ಕಾಸು ಕೊಟ್ಟು ಕೊಂಡ ಸ್ಟಾಕ್ ಚಿತ್ರವನ್ನೂ ಹಾಗೆಯೇ ಹಂಚುವಂತಿಲ್ಲ. ಡೆಮೊದ ಡೇಟಾ ಫೋಲ್ಡರಿನಲ್ಲಿ ಜೆಪೆಗ್ ಬರಿಮೈಯಲ್ಲಿ ಬಿದ್ದಿದ್ದರೆ ಅದು ಹಂಚಿದಂತೆಯೇ. 1957ರ ಕೃತಿಸ್ವಾಮ್ಯ ಕಾಯ್ದೆಯ 57ನೇ ಕಲಮು, ಹಕ್ಕು ಮಾರಿದ ಮೇಲೂ ‘ಇದು ನನ್ನದು’ ಎನ್ನುವ ಅಧಿಕಾರ ಕರ್ತೃವಿಗೆ ಉಳಿಯುತ್ತದೆ ಎನ್ನುತ್ತದೆ. 63ನೇ ಕಲಮಿನಲ್ಲಿ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲೂ ಇದೆ. ಫ್ಲೆಕ್ಸ್ ಅಂಗಡಿಯ ಹಾರ್ಡ್ ಡಿಸ್ಕಿನಲ್ಲಿ ‘ಕಲೆಕ್ಷನ್’ ಎಂಬ ಫೋಲ್ಡರಿದೆ, ಅದರ ಶಿಕ್ಷೆ ಕೂಡಿಸಿದರೆ ಏಳು ಜನ್ಮ ಸಾಲದು.

ವಿಚಿತ್ರವೆಂದರೆ ಈ ಸಮಸ್ಯೆಯನ್ನು ತುಮಕೂರು ಸೀಮೆಯ ಹಳ್ಳಿಗಳು ಎಂದೋ ಬಗೆಹರಿಸಿಕೊಂಡಿವೆ. ಊರಲ್ಲಿ ‘ಕುರುಕ್ಷೇತ್ರ’ ನಾಟಕ ಆಡುತ್ತಾರೆ. ದುರ್ಯೋಧನನ ಕಿರೀಟ ಬಾಡಿಗೆ, ಗದೆ ಬಾಡಿಗೆ, ಮೀಸೆ ಬಾಡಿಗೆ. ಅರಮನೆಯ ಪರದೆ, ಕಾಡಿನ ಪರದೆ, ಬೀದಿಯ ಪರದೆ ಎಲ್ಲ ಸೀನರಿಯವರ ಲಾರಿಯಲ್ಲಿ ಬಂದವು. ಹಿಂದಿನ ರಾತ್ರಿ ಪಕ್ಕದ ಹೋಬಳಿಯಲ್ಲಿ ಅದೇ ಕಾಡಿನಲ್ಲಿ ರಾಮ ವನವಾಸ ಮಾಡಿದ್ದ, ಇಂದು ಪಾಂಡವರ ಸರದಿ. 1884ರಲ್ಲಿ ಶುರುವಾದ ಗುಬ್ಬಿ ಕಂಪನಿಯ ನಾಡು ಇದು, ಪರದೆ ಯಾರದ್ದು ಎಂದು ಯಾರೂ ಮುಖ ಸಿಂಡರಿಸುವುದಿಲ್ಲ. ದುರ್ಯೋಧನ ಕಂದ ಎತ್ತಿದಾಗ ಶ್ರುತಿ ಸೇರಿತೋ ಇಲ್ಲವೋ ಎಂಬುದೊಂದೇ ಪ್ರಶ್ನೆ. ಆದರೆ ಹಳದಿ ಕರಪತ್ರ ತೆಗೆದು ಓದಿ: ಭವ್ಯ ರಂಗಸಜ್ಜಿಕೆ ಇಂಥವರು, ವಸ್ತ್ರಾಲಂಕಾರ ಇಂಥವರು, ಹಾರ್ಮೋನಿಯಂ ಇಂಥವರು, ತಬಲ ಇಂಥವರು. ಊರ ಹೆಸರು, ಫೋನ್ ನಂಬರ್ ಸಮೇತ. ಕರಪತ್ರದ ಪ್ರೂಫ್ ನೋಡುವ ಮೇಷ್ಟ್ರು ಕ್ರಿಯೇಟಿವ್ ಕಾಮನ್ಸ್ ಓದಿದವರಲ್ಲ. ಸೀನರಿಯವರ ಹೆಸರು ಬಿಟ್ಟರೆ ಮುಂದಿನ ವರ್ಷ ಲಾರಿ ಬರುವುದಿಲ್ಲ ಎಂಬುದು ಅವರಿಗೆ ಗೊತ್ತು.

ಡೆಮೊದಲ್ಲೂ ಇಂಥ ಜಾಗ ಇಲ್ಲದಿಲ್ಲ. ಕೊನೆಯಲ್ಲಿ ‘ಗ್ರೀಟಿಂಗ್ಸ್’ ಎಂದು ಬೇರೆ ತಂಡಗಳಿಗೆ ನಮಸ್ಕಾರ ಹೇಳುವ ಪದ್ಧತಿ ಮೊದಲಿನಿಂದ ಇದೆ. ಒಂದೊಂದು ಬೈಟನ್ನು ಹಿಂಡಿ ಉಳಿಸಿದವರು ಅಲ್ಲಿ ಮಾತ್ರ ಧಾರಾಳಿಗಳು: ಮೂವತ್ತು ನಲವತ್ತು ತಂಡಗಳ ಹೆಸರು ಉರುಳುತ್ತವೆ. ಫ್ಲೆಕ್ಸಿನಲ್ಲಿ ಇದಕ್ಕೆ ‘ಶುಭ ಕೋರುವವರು’ ಎನ್ನುತ್ತಾರೆ. ನಮ್ಮ ಫ್ಲೆಕ್ಸಿನ ಕೆಳಗಡೆ ಅಂಥ ಇಪ್ಪತ್ನಾಲ್ಕು ತಲೆಗಳು, ಎರಡು ಸಾಲಿನಲ್ಲಿ, ಅರ್ಧಕ್ಕರ್ಧ ಕರಿ ಕನ್ನಡಕ. ಹದ್ದಿನ ಫೋಟೋಕ್ಕೆ ಚಳಿಯಲ್ಲಿ ಕಾದು ಕೂತವನ ಹೆಸರು ಉರುಳುವುದರಲ್ಲೂ ಇಲ್ಲ, ತಲೆಗಳಲ್ಲೂ ಇಲ್ಲ. ಅವನ ಕಡೆಯದು ಅಂತ ಅಲ್ಲಿ ಉಳಿದದ್ದು ಎದೆಯ ಮೇಲಿನ ಆ ವಾಟರ್‌ಮಾರ್ಕ್ ಒಂದೇ. ಅದಕ್ಕೂ ವ್ಯವಸ್ಥೆಯಾಗಿದೆ: ಇಪ್ಪತ್ತೈದನೆಯ ಮುಖಂಡರ ತಲೆ ಬಿಟ್ಟುಹೋಗಿದೆಯಂತೆ, ಸ್ಟಿಕ್ಕರ್ ಮಾಡಿಸಿ ಸರಿಯಾಗಿ ಅದೇ ಜಾಗಕ್ಕೆ ಅಂಟಿಸಲು ನಾಳೆ ಬೆಳಗ್ಗೆ ಏಣಿ ಬರುತ್ತಿದೆ.