ಪರ-ವಿರೋಧ: ಬಸ್ ಪ್ರಯಾಣ ಎಲ್ಲರಿಗೂ ಉಚಿತ ಆಗಬೇಕೇ?

ಪರ: ಟಿಕೆಟ್ಟೂ ಬೇಡ, ಆಧಾರೂ ಬೇಡ

ನಮ್ಮಮ್ಮ ಮೈಸೂರು ರಸ್ತೆಯ ಬ್ಯಾಟರಾಯನಪುರದ ಹತ್ತಿರ ಒಂದು ಗಾರ್ಮೆಂಟ್ಸ್‌ನಲ್ಲಿ ಟೈಲರ್ ಆಗಿದ್ದರು. ಮನೆ ಕೆಂಗೇರಿಯಲ್ಲಿ. ಸಂಜೆ ಕೆಲಸ ಬಿಟ್ಟ ಮೇಲೆ ಗೇಟಿನ ಎದುರಿನ ಸ್ಟಾಪಿನಲ್ಲಿ ಅವರು ಬಸ್ ಹತ್ತುತ್ತಿರಲಿಲ್ಲ. ನಾಯಂಡಹಳ್ಳಿವರೆಗೆ ನಡೆದು ಅಲ್ಲಿ ಹತ್ತುತ್ತಿದ್ದರು. ಒಂದು ಸ್ಟೇಜಿನ ದುಡ್ಡು ಉಳಿಯುತ್ತಿತ್ತು. ಆ ಚಿಲ್ಲರೆ ಶನಿವಾರ ನಮಗೆ ಬೇಕರಿ ಬನ್ ಆಗಿ ಬರುತ್ತಿತ್ತು. ಬನ್ನಿನ ಲೆಕ್ಕ ನನಗೆ ತಿಳಿದಿದ್ದು ಎಷ್ಟೋ ವರ್ಷದ ಮೇಲೆ.

2023ರ ಜೂನ್ 11ರಂದು, ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಕೊಡುವ ಶಕ್ತಿ ಯೋಜನೆ ಶುರುವಾಯಿತು. ಅಮ್ಮನಿಗೆ ಈಗ ಶೂನ್ಯ ಟಿಕೆಟ್. ಆಗ ಓಡಾಡಿದ ರೀಲ್ಸ್ ನೆನಪಿದೆಯಲ್ಲ? ಹೆಂಡತಿ ಧರ್ಮಸ್ಥಳದ ಬಸ್ ಹತ್ತಿದಳು, ಗಂಡ ಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಾನೆ, ಎಲ್ಲರೂ ನಗಬೇಕು. ಇಷ್ಟು ವರ್ಷ ಮಿಷನ್ ತುಳಿದ ಹೆಂಗಸು ಭಾನುವಾರ ಚನ್ನಪಟ್ಟಣದಲ್ಲಿರುವ ಅಕ್ಕನ ಮನೆಗೆ ಹೋಗಿ ಬಂದರೆ ಅದರಲ್ಲಿ ಜೋಕ್ ಎಲ್ಲಿದೆ? ಗಂಡಸು ಸುಮ್ನೆ ಊರು ಸುತ್ತಿದರೆ ಯಾರೂ ವಿಡಿಯೊ ಮಾಡಲ್ಲ. 2025ರ ಜುಲೈ ಹೊತ್ತಿಗೆ ಈ ಟಿಕೆಟ್ಟಿನ ಮೇಲೆ ನಡೆದ ಪ್ರಯಾಣ 500 ಕೋಟಿ ದಾಟಿತು. ನಗುತ್ತಿದ್ದವರು ಈಗ ಸುಮ್ಮನಾಗಿದ್ದಾರೆ.

ಆದರೆ ನನ್ನ ಮಾತು ಶಕ್ತಿಗೇ ನಿಲ್ಲುವುದಿಲ್ಲ. ನಮ್ಮ ಪಕ್ಕದ ಮನೆಯಲ್ಲಿ ಒಡಿಶಾದ ಹುಡುಗಿಯೊಬ್ಬಳು ಬಾಡಿಗೆಗೆ ಇದ್ದಾಳೆ. ಅವಳದೂ ಗಾರ್ಮೆಂಟ್ಸ್ ಕೆಲಸವೇ. ಶಕ್ತಿ ಇರುವುದು ಕರ್ನಾಟಕದವರಿಗೆ ಮಾತ್ರ. ಅವಳ ಆಧಾರ್‌ನಲ್ಲಿ ಅವಳೂರಿನ ವಿಳಾಸ. ಹಾಗಾಗಿ ಅವಳು ದುಡ್ಡು ಕೊಡಬೇಕು. ಅವಳೂ ಒಂದು ಸ್ಟೇಜ್ ನಡೆಯುತ್ತಾಳೆ! ಅದೇ ಮೈಸೂರು ರಸ್ತೆ, ಹೆಂಗಸು ಮಾತ್ರ ಬೇರೆ. ಬಸ್ ಬಾಗಿಲಲ್ಲಿ ನಿಂತು 'ನೀನು ಯಾವ ಊರಿನವಳು' ಅಂತ ಕೇಳುವುದನ್ನು ನಾವು ಸಮಾನತೆ ಅಂತ ಕರೀತೀವಾ? ಲೋಡಿಂಗ್ ಕೆಲಸದ ಹುಡುಗ, ಸೆಕ್ಯುರಿಟಿ ಗಾರ್ಡ್, ಹೋಟೆಲ್ ಮಾಣಿ, ಇವರ ಕಷ್ಟಕ್ಕೆ ಕಾರ್ಡ್ ಇಲ್ಲವಾ? 2025ರ ಜನವರಿಯಲ್ಲಿ ಬಸ್ ದರ ಶೇ 15 ಏರಿತು. ಬಿಎಂಟಿಸಿ ತಿಂಗಳ ಪಾಸು 1050ರಿಂದ 1200 ಆಯಿತು. ಮರು ತಿಂಗಳೇ ಮೆಟ್ರೊ ಗರಿಷ್ಠ ದರ 60ರಿಂದ 90ಕ್ಕೆ ಹಾರಿತು. ಒಂದೇ ಸಲ ಪೆಟ್ಟು ತಿಂದವರು ಯಾರು, ನೀವೇ ಹೇಳಿ.

ದುಡ್ಡು ಎಲ್ಲಿಂದ ಅಂತ ಕೇಳುವವರು ಇದ್ದೇ ಇದ್ದಾರೆ. ಹೆಬ್ಬಾಳ ಫ್ಲೈಓವರ್ ಹತ್ತುವಾಗ ಕಾರಿನವರು ಟಿಕೆಟ್ ತಗೊಳ್ತಾರಾ? ಅದೇ ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ಸುರಂಗ ರಸ್ತೆ ಕೊರೆಯಲು 17,000 ಕೋಟಿಗೂ ಜಾಸ್ತಿ ಲೆಕ್ಕ ಹಾಕಿದ್ದಾರೆ. ಅದಕ್ಕೆ 'ಅಭಿವೃದ್ಧಿ' ಅಂತ ಹೆಸರು. ಬಸ್ಸಿಗೆ ಕೊಟ್ಟರೆ 'ಬಿಟ್ಟಿ ಭಾಗ್ಯ'. ಯುರೋಪಿನ ಪುಟ್ಟ ದೇಶ ಲಕ್ಸೆಂಬರ್ಗ್ 2020ರ ಮಾರ್ಚ್‌ನಿಂದ ಬಸ್, ಟ್ರಾಮ್, ರೈಲು ಎಲ್ಲವನ್ನೂ ಎಲ್ಲರಿಗೂ ಉಚಿತ ಮಾಡಿದೆ. ಅದು ಶ್ರೀಮಂತ ದೇಶ ಅಂತೀರಾ? ಹಾಗಾದರೆ ಶ್ರೀಮಂತರಿಗೆ ಬೇಕಾದದ್ದು ಬಡವರಿಗೆ ಬೇಡವಾ? ಲಾಭ-ನಷ್ಟ ಅಂತ ತಲೆ ತಿನ್ನುವವರು ಒಂದು ತಿಂಗಳು ಬ್ಯಾಟರಾಯನಪುರದಿಂದ ನಾಯಂಡಹಳ್ಳಿಗೆ ನಡೆಯಲಿ. ಆಮೇಲೆ ಬಂದು ಮಾತಾಡಲಿ.

ವಿರೋಧ: ಮೊದಲು ಬಸ್ ಬರಲಿ

ನನಗೆ ಈ ಬದಿ ಬರೆಯಲು ಹೇಳಿದ್ದಾರೆ. ಬರೆಯುತ್ತೇನೆ. ಶಕ್ತಿ ಯೋಜನೆಗೆ ನನ್ನ ತಕರಾರೇನೂ ಇಲ್ಲ, ನಮ್ಮ ಅವ್ವ ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೋಗುವುದು ಅದರಲ್ಲೇ. ಎಲ್ಲರಿಗೂ ಉಚಿತ ಅನ್ನುವಾಗ ಮಾತ್ರ ಸ್ವಲ್ಪ ಯೋಚನೆ ಆಗುತ್ತದೆ.

ಕಾರಣ, ಬಸ್ಸುಗಳು ಸಾಲವು. ಬಸ್ಸೇ ಬರದ ಊರಿನಲ್ಲಿ ಟಿಕೆಟ್ ಫ್ರೀ ಆದರೆ ಏನು, ಬಿಟ್ಟರೆ ಏನು? ಎಸ್ಟೋನಿಯಾದ ಟ್ಯಾಲಿನ್ ನಗರ 2013ರಲ್ಲೇ ತನ್ನ ನಿವಾಸಿಗಳಿಗೆ ಬಸ್ ಉಚಿತ ಮಾಡಿತು. ಹೊಸದಾಗಿ ಹತ್ತಿದವರಲ್ಲಿ ಜಾಸ್ತಿ ಜನ ಅಲ್ಲಿವರೆಗೆ ನಡೆದು ಹೋಗುತ್ತಿದ್ದವರು. ಕಾರು ಬಿಟ್ಟು ಬಂದವರು ಕಡಿಮೆ. (ನಡೆಯುತ್ತಿದ್ದವರು ಹತ್ತಿದ್ದು ಒಳ್ಳೆಯದೇ ಅಲ್ವಾ ಅಂತ ಎದುರಿನವರು ಕೇಳಬಹುದು. ಕೇಳಲಿ.) ಬಸ್ಸುಗಳು ಸಾಲವು ಅನ್ನುವುದೇ ನನ್ನ ಮಾತು.

ನಮ್ಮಪ್ಪ ಕಂಡಕ್ಟರ್ ಆಗಿದ್ದರು. ಧಾರವಾಡದ ಕಡೆ ಹಳ್ಳಿ ರೂಟು. ಚರ್ಮದ ಚೀಲ, ಕಿವಿಯಲ್ಲಿ ಪೆನ್ನು, ಬೆರಳ ಸಂದಿಯಲ್ಲಿ ಮಡಚಿದ ನೋಟು. ಒಮ್ಮೆ ಬಸ್ ತಡವಾಗಿ ಬಂತು ಅಂತ ಸಂತೆಯಿಂದ ಮೆಣಸಿನಕಾಯಿ ಚೀಲ ಹೊತ್ತು ಬಂದ ಅಜ್ಜಿಯೊಬ್ಬಳು ಅಪ್ಪನಿಗೆ ಊರು ಬರುವವರೆಗೂ ಬೈದಳು. ಅಪ್ಪ ಒಂದು ಮಾತೂ ತಿರುಗಿ ಆಡಲಿಲ್ಲ. ಆಮೇಲೆ ನನಗೆ ಹೇಳಿದರು: 'ರೊಕ್ಕಾ ಕೊಟ್ಟಾಳೋ, ಬೈಯಾಕ ಹಕ್ಕ ಐತಿ ಆಕಿಗೆ.' ಈಗ ನಮ್ಮ ಅವ್ವ ಬಸ್ ಯಾಕೆ ನಿಲ್ಲಿಸಲಿಲ್ಲ ಅಂತ ಕೇಳಿದರೆ ಉತ್ತರ ಬೇರೆ: 'ಫ್ರೀ ಅಲ್ಲೇನವ್ವಾ, ಹಿಂದಿನ ಗಾಡಿಗೆ ಬಾ.' ಹಿಂದಿನ ಗಾಡಿ ಬರುವುದು ಎರಡು ಗಂಟೆ ಬಿಟ್ಟು. ಎಲ್ಲರಿಗೂ ಉಚಿತ ಆದ ಮೇಲೆ ಈ ಮಾತು ಎಲ್ಲರಿಗೂ ಸಿಗುತ್ತದೆ. ಅದನ್ನೂ ಸಮಾನತೆ ಅನ್ನಬಹುದೇನೋ.

ಇನ್ನೊಂದು ವಿಷಯ ಇದೆ. ಪರ ಬರೆದವರು ಡ್ರೈವರ್, ಕಂಡಕ್ಟರ್‌ಗಳ ಹೆಸರೇ ಎತ್ತಿಲ್ಲ. ಕಾರ್ಮಿಕರ ಪರ ಮಾತಾಡುವವರು ಇವರನ್ನು ಮರೆತಿದ್ದು ಹೇಗೋ. 2021ರ ಏಪ್ರಿಲ್‌ನಲ್ಲಿ ಸಾರಿಗೆ ನೌಕರರು ಎರಡು ವಾರ ಮುಷ್ಕರ ಮಾಡಿದರು. 2025ರ ಆಗಸ್ಟ್ 5ರಂದು ಮತ್ತೆ ಬಸ್ ನಿಂತವು, 38 ತಿಂಗಳ ವೇತನ ಹೆಚ್ಚಳದ ಬಾಕಿ ಕೇಳಿ. ಸರ್ಕಾರ ಉಚಿತದ ದುಡ್ಡನ್ನು ನಿಗಮಗಳಿಗೆ ಹೊತ್ತಿಗೆ ಸರಿಯಾಗಿ ತುಂಬದಿದ್ದರೆ ಅದು ಕೊನೆಗೆ ಇಳಿಯುವುದು ಇವರ ಸಂಬಳದ ಚೀಟಿಗೆ.

ಹೀಗಂತ ಬರೆದಿದ್ದೇನೆ ಅಂತ ಅಪ್ಪನಿಗೆ ಓದಿ ಹೇಳಿದೆ. ಬಾಕಿಯ ಮಾತಿಗೆ ತಲೆಯಾಡಿಸಿದರು. ಅಜ್ಜಿಯ ಕತೆಗೆ ಮಾತ್ರ 'ಆಕಿ ಅವತ್ತ ಟಿಕೆಟ್ ತಗೊಂಡಿದ್ದಿಲ್ಲೋ, ರೊಕ್ಕ ಇರಲಿಲ್ಲ. ನಾನ ಹರಿದು ಕೊಟ್ಟಿದ್ದೆ' ಅಂದರು.